ಡೇರೆ ಬಿಚ್ಚುವ ದಿನ

ನಮ್ಮ ಮನೆಗೆ ಬಂದವರು ಒದ್ದೆ ಛತ್ರಿಯನ್ನು ಮಡಿಸಿಟ್ಟರೆ ನಾನು ಕಾಫಿ ಕೊಡುವುದಿಲ್ಲ. ಬೈಗುಳ ಕೊಡುತ್ತೇನೆ, ಅದಕ್ಕೆ ಬರವಿಲ್ಲ. ಛತ್ರಿಯನ್ನು ಬಿಚ್ಚಿ ವರಾಂಡದಲ್ಲಿ ಹರಡಬೇಕು. ಆರಿತು ಅನ್ನಿಸಿದ ಮೇಲೆ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಕಿವಿಯ ಹತ್ತಿರ ಉಜ್ಜಿ ನೋಡಬೇಕು. ಸರಸರ ಸದ್ದು ಬಂದರೆ ಮಡಿಸಬಹುದು, ಇಲ್ಲದಿದ್ದರೆ ಇನ್ನೊಂದು ಗಂಟೆ ಹಾಗೇ ಬಿದ್ದಿರಲಿ. ಮೊನ್ನೆ ಪಕ್ಕದ ಮನೆಯ ಸುಮಾ ತನ್ನ ಛತ್ರಿಯನ್ನು ಹಸಿಹಸಿಯಾಗಿ ಚೀಲಕ್ಕೆ ತುರುಕುತ್ತಿದ್ದಳು. ನಾನು ಕಿತ್ತುಕೊಂಡು ಕಿವಿಗೆ ಹಿಡಿದೆ. “ಏನಾಂಟಿ, ಛತ್ರೀಲಿ ಫೋನ್ ಬಂತಾ?” ಎಂದಳು. ಇಬ್ಬರೂ ನಕ್ಕೆವು. ಅವಳು ಹೋದ ಮೇಲೆ ಮಾತ್ರ ನನ್ನ ಬಾಯಿ ಕಹಿಯಾಯಿತು. ಯಾಕೆಂದು ಹೇಳಬೇಕಾದರೆ ಸ್ವಲ್ಪ ಬಳಸಿಕೊಂಡು ಬರಬೇಕಾಗುತ್ತದೆ. ನನಗೆ ನೇರವಾಗಿ ಹೇಳಲು ಬಂದಿದ್ದರೆ ಹೊಲಿಗೆ ಕ್ಲಾಸು ನಡೆಸುತ್ತಾ ಕೂರುತ್ತಿರಲಿಲ್ಲ, ವಕೀಲೆಯಾಗಿರುತ್ತಿದ್ದೆ.

ಈ ಚಾಳಿಯನ್ನು ನನಗೆ ಅಂಟಿಸಿದವನು ನಮ್ಮಣ್ಣ ವಾಸು. ಅವನಿಗೆ ಅಂಟಿಸಿದ್ದು ನಮ್ಮಮ್ಮನ ಪೊರಕೆ. ರಾಜಾಜಿನಗರದ ವಠಾರದಲ್ಲಿ ನಾವಿದ್ದಾಗ, ಬೇಸಿಗೆ ರಜೆ ಬಂತೆಂದರೆ ಅವನು ಮಹಡಿಯ ಮೇಲೆ ಅಮ್ಮನ ಜಮಖಾನವನ್ನು ಬಟ್ಟೆ ಒಣಗಿಸುವ ಗಳುಗಳಿಗೆ ಕಟ್ಟಿ ಡೇರೆ ಹಾಕುತ್ತಿದ್ದ. ಒಳಗೆ ನಾವಿಬ್ಬರು, ಒಂದು ಚೊಂಬು ನೀರು, ಒಂದು ಹಿಡಿ ಹುರಿಗಡಲೆ. ಹೊರಗೆ ಅವನ ಪ್ರಕಾರ ಹುಲಿ, ಚಿರತೆ. ನನ್ನ ಪ್ರಕಾರ ಮಾಲೀಕರ ಹೆಂಡತಿ. ಒಂದು ಸಂಜೆ ಮಳೆ ಹೊಡೆದು ಜಮಖಾನ ತೊಯ್ದು ತೊಪ್ಪೆಯಾಯಿತು. ಬೈಸಿಕೊಳ್ಳುವುದು ಬೇಡವೆಂದು ನಾವು ಬಲು ಜಾಣತನದಿಂದ ಅದನ್ನು ಹಾಗೇ ಮಡಿಸಿ ಟ್ರಂಕಿನ ತಳಕ್ಕೆ ಸೇರಿಸಿದೆವು. ಆಮೇಲೆ ಯಾವಾಗಲೋ ನೆಂಟರು ಬಂದರೆಂದು ಅಮ್ಮ ಹಾಸಲು ತೆಗೆದರೆ, ಜಮಖಾನದ ಮೈತುಂಬ ಬೂಷ್ಟು. ನೆಂಟರ ಎದುರಿಗೇ ಪೂಜೆ ನಡೆಯಿತು. ಅಪ್ಪ ಹೊಡೆಯಲಿಲ್ಲ. “ಮನೆ ಇದ್ದೂ ಬಯಲಲ್ಲಿ ಮಲಗೋ ಜಾತಕ ಇವನದ್ದು” ಎಂದು ಭವಿಷ್ಯ ನುಡಿದು ಪೇಪರು ಓದತೊಡಗಿದರು. ಅಪ್ಪ ನುಡಿದ ಭವಿಷ್ಯಗಳಲ್ಲಿ ನಿಜವಾದದ್ದು ಅದೊಂದೇ. ನನಗೆ ಚಿನ್ನದಂಥ ಗಂಡ ಸಿಗುತ್ತಾನೆ ಎಂದೂ ಹೇಳಿದ್ದರು.

ನಾವಿಬ್ಬರೂ ಮದುವೆಯಾಗಲಿಲ್ಲ. ಅದಕ್ಕೆ ಕಾರಣಗಳಿವೆ, ಆದರೆ ಯಾವುದೂ ಕೇಳುವಷ್ಟು ಸ್ವಾರಸ್ಯವಾಗಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಹೊಸಹಳ್ಳಿಯಲ್ಲಿ ಈ ಪುಟ್ಟ ಮನೆಗೆ ಬಂದೆವು. ಅಣ್ಣ ರಾಜಾಜಿನಗರದ ಒಂದು ಶಾಲೆಯಲ್ಲಿ ಪಿ.ಟಿ. ಮೇಷ್ಟರಾಗಿದ್ದ. ಮಳೆ ಬಂದರೆ ಪಿ.ಟಿ. ಪೀರಿಯಡ್ಡನ್ನು ಗಣಿತದವರು ಕಿತ್ತುಕೊಳ್ಳುತ್ತಿದ್ದರು, ಬಿಸಿಲಿದ್ದರೆ ವಿಜ್ಞಾನದವರು. ಹೀಗೆ ವರ್ಷಪೂರ್ತಿ ಸೀಟಿ ಕೊರಳಿಗೆ ಹಾಕಿಕೊಂಡು ಸುಮ್ಮನೆ ಕೂತವನಿಗೆ, ಎರಡು ಸಾವಿರನೇ ಇಸವಿಯ ಆಸುಪಾಸಿನಲ್ಲಿ ಬೇಸಿಗೆ ಶಿಬಿರದ ಹುಚ್ಚು ಹತ್ತಿತು. ಹಳೇ ಕ್ಯಾನ್ವಾಸು ತಂದು ಹಾಕಿದ. ಹರಿದ ಕಡೆ ತೇಪೆ ಹಾಕಲು ಮನೆಯಲ್ಲೇ ಒಬ್ಬಳು ಬಿಟ್ಟಿ ದರ್ಜಿ ಇದ್ದಳಲ್ಲ! ಬ್ಲೌಸು ಹೊಲಿಯುವ ಮಿಷನ್ನು ಕ್ಯಾನ್ವಾಸಿಗೆ ಸೂಜಿ ಮುರಿದುಕೊಂಡು ಮುಷ್ಕರ ಹೂಡಿತು. ಕೊನೆಗೆ ದಬ್ಬಳದಲ್ಲಿ ಕೈಯಲ್ಲೇ ಹೊಲಿದೆ.

ಜಾಗ ಸಿಕ್ಕಿದ್ದು ಬ್ಯಾಡರಹಳ್ಳಿಯ ಆಚೆ, ಮಾಗಡಿ ರೋಡಿನಿಂದ ಒಳಗೆ ಮಣ್ಣು ದಾರಿಯಲ್ಲಿ ಹೋದರೆ ಬರುವ ಒಂದು ಮಾವಿನ ತೋಪಿನಲ್ಲಿ. ತೋಪಿನ ಯಜಮಾನ ರಂಗಪ್ಪ ಆ ಊರಿನ ಹಳೇ ಒಕ್ಕಲು ಮನೆಯವನು, ಒಳ್ಳೆ ಮಾತುಗಾರ. ಬಾಡಿಗೆಯ ಮಾತೆತ್ತಿದರೆ ಕೈ ಮುಗಿದುಬಿಟ್ಟ. “ಮಕ್ಕಳು ಕೂಗಾಡ್ತಾ ಇದ್ರೆ ಕೋತಿ ಬರಲ್ಲ, ಹಣ್ಣು ಕದಿಯೋರು ಬರಲ್ಲ. ನಂಗೇ ಲಾಭ ಮೇಷ್ಟ್ರೇ, ಬನ್ನಿ” ಎಂದ. ಹಾಗೆ ಪ್ರತಿ ವರ್ಷ ಏಪ್ರಿಲ್ ಬಂದರೆ ನಮ್ಮ ಡೇರೆಗಳು ರಂಗಪ್ಪನ ಮಾವಿನ ಮರಗಳ ಕೆಳಗೆ ಏಳುತ್ತಿದ್ದವು, ಮೇ ಕೊನೆಗೆ, ಮುಂಗಾರು ಬೀಳುವ ಮುಂಚೆ ಇಳಿಯುತ್ತಿದ್ದವು. ಬರುತ್ತಿದ್ದವರು ಬಸವೇಶ್ವರನಗರ, ವಿಜಯನಗರದ ಮಕ್ಕಳು. ಎಂಥಾ ಮಕ್ಕಳು ಅಂತೀರಿ! ಮರದಿಂದ ಆಗತಾನೇ ಕಿತ್ತ ಹಣ್ಣನ್ನು ಒಬ್ಬ ಹುಡುಗಿಯ ಕೈಗೆ ಕೊಟ್ಟೆ. ಅವಳು ಮುಟ್ಟಿ ನೋಡಿ ಹೆದರಿ, “ಆಂಟಿ, ಇದಕ್ಕೆ ಜ್ವರ ಬಂದಿದೆ” ಎಂದಳು. ಹುಟ್ಟಿದಾಗಿನಿಂದ ಫ್ರಿಜ್ಜಿನ ಹಣ್ಣನ್ನೇ ತಿಂದ ಕೂಸು, ಬಿಸಿಲಲ್ಲಿ ಕಾದ ಹಣ್ಣು ಹೇಗಿರುತ್ತದೆಂದು ಪಾಪ ಅವಳಿಗೇನು ಗೊತ್ತು. ಶಿಬಿರ ಮುಗಿಯುವ ಹೊತ್ತಿಗೆ ಅದೇ ಹುಡುಗಿ ಮೊಣಕೈ ತನಕ ರಸ ಸುರಿಸಿಕೊಂಡು, ಊಟಕ್ಕೆ ಕರೆದರೆ ಬರದೆ ಮರದ ಮೇಲೆ ಕೂತಿರುತ್ತಿದ್ದಳು. ಅಣ್ಣ ಕೆಳಗೆ ನಿಂತು ಬೈಯುವಂತೆ ನಟಿಸುತ್ತಿದ್ದ. ಅವನು ಜೀವನದಲ್ಲಿ ಸುಖವಾಗಿದ್ದುದನ್ನು ನಾನು ನೋಡಿದ್ದು ಆ ತೋಪಿನಲ್ಲಿ ಮಾತ್ರ.

ಹಾಕುವುದು ಹಬ್ಬ, ಬಿಚ್ಚುವುದು ತಿಥಿ. ಹಾಕುವಾಗ ಹತ್ತು ಜನ ಅಪ್ಪಂದಿರು ಪ್ಯಾಂಟು ಮಡಿಸಿಕೊಂಡು ಬರುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಬಿಚ್ಚುವ ದಿನ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಮಾಯ. ಉಳಿಯುವವರು ನಾನು, ಅಣ್ಣ, ಇರುವೆಗಳು. ಬೆಳಗಿನ ಇಬ್ಬನಿ ಆರುವ ತನಕ ಕ್ಯಾನ್ವಾಸು ಮುಟ್ಟುವ ಹಾಗಿಲ್ಲ. ಆರಿದ ಮೇಲೆ ಒಳಮೈ ಹೊರಗೆ ಮಾಡಿ, ಹೊಲಿಗೆಯ ಸಂದಿಯಲ್ಲಿ ಸೇರಿದ ಮಣ್ಣನ್ನು ಕಡ್ಡಿ ಪೊರಕೆಯಿಂದ ಕೆರೆಯಬೇಕು. ಗೂಟಗಳ ಮಣ್ಣು ಒರೆಸಿ ಎಣ್ಣೆ ಬಟ್ಟೆಯಲ್ಲಿ ಉಜ್ಜಬೇಕು. ಮಡಿಕೆ ಮಡಿಕೆಗೂ ಒಣಗಿದ ಲಕ್ಕಿ ಸೊಪ್ಪು ಹಾಕಬೇಕು, ಇಲ್ಲದಿದ್ದರೆ ಹುಳ ಹತ್ತುತ್ತದೆ. ಉಯ್ಯಾಲೆಯ ಹಗ್ಗವನ್ನು ಮರೆಯದೆ ಬಿಚ್ಚಬೇಕು, ಮಳೆಗಾಲದಲ್ಲಿ ಕೊಂಬೆ ದಪ್ಪವಾಗಿ ಹಗ್ಗ ತೊಗಟೆಯೊಳಗೆ ಇಳಿದುಬಿಡುತ್ತದೆ. ಕಕ್ಕಸಿನ ಗುಂಡಿ ಮುಚ್ಚಿ ಅದರ ಮೇಲೆ ಜಾಲಿ ಮುಳ್ಳು ಹಾಕಬೇಕು, ದನ ಕಾಲಿಡದಿರಲಿ ಎಂದು. ಇಷ್ಟೆಲ್ಲ ಆಗಿ ಮೂಟೆಗಳನ್ನು ರಂಗಪ್ಪನ ಪಂಪ್‌ಹೌಸಿನ ಅಟ್ಟಕ್ಕೆ ಏರಿಸುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿರುತ್ತಿರಲಿಲ್ಲ.

ಎಲ್ಲಕ್ಕಿಂತ ಕೊನೆಯದು ಒಲೆ. ಹುಣಸೆ ಮರದ ಬುಡದಲ್ಲಿ ಮೂರು ದಪ್ಪ ಗುಂಡುಕಲ್ಲಿನ ಒಲೆಯಲ್ಲಿ ನಾನು ಅಡಿಗೆ ಮಾಡುತ್ತಿದ್ದೆ. ಮೊದಲನೇ ವರ್ಷ ಬಿಚ್ಚುವ ದಿನ, ಚೊಕ್ಕಟ ಮಾಡೋಣವೆಂದು ಕಲ್ಲುಗಳನ್ನು ಎತ್ತಲು ಹೋದೆ. ರಂಗಪ್ಪನ ಹೆಂಡತಿ ಪುಟ್ಟತಾಯಮ್ಮ ಓಡಿ ಬಂದು ನನ್ನ ಕೈ ಹಿಡಿದಳು. ನನಗಿಂತ ನಾಲ್ಕಾರು ವರ್ಷ ದೊಡ್ಡವಳು, ಮಾತು ಕಡಿಮೆ.

“ಗುಂಡು ಅಲ್ಲಾಡಿಸ್ಬ್ಯಾಡ ಕಣಮ್ಮ. ತಿರುಗಿ ಬರೋರು ಒಲೆಗುಂಡು ಹಂಗೇ ಬಿಟ್ಟು ಹೋಗ್ಬೇಕು” ಎಂದಳು.

ಅವರ ಹಿರಿಯರು ಬೆಳೆ ಕಾಯಲು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದ ಕಾಲದ ಶಾಸ್ತ್ರವಂತೆ ಅದು. ಬೂದಿಯ ಮೇಲೆ ಒಂದು ಲೋಟ ಹಾಲು ಹನಿಸಿ, ಮೂರು ಕಲ್ಲಿಗೂ ಕುಂಕುಮವಿಟ್ಟು ಹೋದಳು. ಅಲ್ಲಿಂದಾಚೆಗೆ ಪ್ರತಿ ವರ್ಷ ಅದೇ ಹಾಲು, ಅದೇ ಕುಂಕುಮ. ರಂಗಪ್ಪ ತೋಪಿನಲ್ಲಿ ಹುರುಳಿ ಬಿತ್ತಿದಾಗಲೂ ನೇಗಿಲು ಆ ಮೂರು ಕಲ್ಲನ್ನು ಬಳಸಿಕೊಂಡೇ ಹೋಗುತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ಬಂದರೆ ನನ್ನ ಒಲೆ ನನ್ನನ್ನು ಕಾಯುತ್ತಿತ್ತು. ಸ್ವಂತ ಸಂಸಾರ ಇಲ್ಲದವಳಿಗೆ ಅದೆಷ್ಟು ಸಂತೋಷ ಕೊಡುತ್ತಿತ್ತೆಂದು ಸಂಸಾರಸ್ಥರಿಗೆ ಹೇಳಿದರೆ ತಿಳಿಯುವುದಿಲ್ಲ.

ಕೊನೆಯ ವರ್ಷದ ಬಿಚ್ಚುವ ದಿನಕ್ಕೆ ಬರುತ್ತೇನೆ. ಕೊನೆಯ ವರ್ಷವೆಂದು ಆಗ ನಮಗೆ ಗೊತ್ತಿರಲಿಲ್ಲ. ಅಲ್ಲಿದ್ದ ಉಳಿದವರಿಗೆ ಗೊತ್ತಿತ್ತು.

ಬೆಳಿಗ್ಗೆಯೇ ರಂಗಪ್ಪ ಬಂದು, “ಮೇಷ್ಟ್ರೇ, ಪಂಪ್‌ಹೌಸ್ ಸೋರ್ತಾ ಇದೆ. ಈ ಸಲ ಟೆಂಟೆಲ್ಲಾ ನಿಮ್ಮನೆಗೇ ತಗೊಂಡೋಗಿಬಿಡಿ” ಎಂದ. ಸೋರುವ ಕಡೆ ಕ್ಯಾನ್ವಾಸು ಇಡುವುದುಂಟೇ? ಅವನ ಮುಂದಾಲೋಚನೆಗೆ ನಾವೇ ಥ್ಯಾಂಕ್ಸ್ ಹೇಳಿದೆವು. ಮಧ್ಯಾಹ್ನ ಪ್ರತಿ ವರ್ಷದಂತೆ ಅವನ ಮನೆಯವರೂ ನಾವೂ ಮರದ ಕೆಳಗೆ ಊಟಕ್ಕೆ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಮಾವಿನ ಸೀಕರಣೆ. ಆಗ ಅಣ್ಣ ಎದ್ದು ನಿಂತ. ನಾಚಿಕೊಂಡಿದ್ದ. ಪಿ.ಟಿ. ಮೇಷ್ಟರಿಗೆ ಕೂಗಲು ಬರುತ್ತದೆ, ಮಾತಾಡಲು ಬರುವುದಿಲ್ಲ.

“ನಾನು ಸ್ಕೂಲ್ ಬಿಟ್ಟೆ” ಎಂದ. “ರಾಜೀನಾಮೆ ಕೊಟ್ಟಾಯ್ತು. ಇನ್ಮೇಲೆ ಬರೀ ಬೇಸಿಗೆ ಅಲ್ಲ, ದಸರಾ ರಜಾ, ಕ್ರಿಸ್‌ಮಸ್ ರಜಾ, ಶನಿವಾರ ಭಾನುವಾರ, ಎಲ್ಲಾ ಇಲ್ಲೇ. ರಂಗಪ್ಪೋರ ಹತ್ರ ಯುಗಾದಿಗೇ ಮಾತಾಡಿದ್ದೆ.”

ಮಾತಾಡಿದ್ದು ನಿಜ. ಯುಗಾದಿಯಲ್ಲಿ ರಂಗಪ್ಪ, “ಜಾಗ ಎಲ್ಲಿ ಓಡೋಗುತ್ತೆ ಮೇಷ್ಟ್ರೇ” ಎಂದದ್ದನ್ನು ಅಣ್ಣ ಮನೆಗೆ ಬಂದು ನನಗೆ ಎಷ್ಟು ಸಲ ಹೇಳಿದ್ದನೋ. ಆದರೆ ಕೆಲಸ ಬಿಟ್ಟದ್ದನ್ನು ನನಗೂ ಹೇಳಿರಲಿಲ್ಲ. ಹೇಳಿದರೆ ನಾನು ಅಡ್ಡಗಾಲು ಹಾಕುತ್ತೇನೆಂಬ ಭಯ. ಹಾಕುತ್ತಿದ್ದೆ, ಖಂಡಿತ. ನಾನು ಬಾಯಿ ತೆರೆಯುವ ಮೊದಲೇ ರಂಗಪ್ಪ ಎಲೆಯ ಮುಂದಿನಿಂದ ಎದ್ದು ಬಂದ. ತನ್ನ ಹೆಗಲ ಮೇಲಿದ್ದ ಜರಿ ಅಂಚಿನ ಶಲ್ಯವನ್ನು ತೆಗೆದು ಅಣ್ಣನಿಗೆ ಹೊದಿಸಿದ. “ಭೇಷ್ ಮೇಷ್ಟ್ರೇ! ಗಂಡಸು ಅಂದ್ರೆ ಹಿಂಗಿರ್ಬೇಕು” ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ, ಎಡಗೈಯಲ್ಲಿ ಮೊಣಕಾಲಿಗೆ. ಬಲಗೈ ಸೀಕರಣೆಯಲ್ಲಿತ್ತು.

ಪುಟ್ಟತಾಯಮ್ಮ ಮಾತ್ರ ಅರ್ಧ ಊಟಕ್ಕೇ ಎದ್ದಳು.

ಊಟವಾಗಿ ನಾನು ಪಾತ್ರೆ ಬೆಳಗಿಕೊಂಡು ಬರುವಾಗ ಅವಳು ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಹಾಲಿನ ಲೋಟ ಇರಲಿಲ್ಲ. ನೋಡನೋಡುತ್ತಿದ್ದಂತೆ ಎರಡೂ ಕೈಯಿಂದ ಒಂದು ಕಲ್ಲನ್ನು ಉರುಳಿಸಿದಳು. ಮಸಿ ಹಿಡಿದ ಮುಖ ಮೇಲಾಗಿ ಕಲ್ಲು ಬೂದಿಯಲ್ಲಿ ಮಗುಚಿಕೊಂಡಿತು. ಅಡಿಯಲ್ಲಿ ಚೇಳು ಇದೆಯೇನೋ ಎಂದು ನೋಡುತ್ತಿದ್ದಾಳೆ ಅಂದುಕೊಂಡೆ. “ಬಿಡಿ ಪುಟ್ಟತಾಯಮ್ಮ, ಕೈ ಮಸಿಯಾಗುತ್ತೆ” ಎಂದು ಕಲ್ಲನ್ನು ಮತ್ತೆ ನೆಟ್ಟಗೆ ಇಟ್ಟೆ. ಅವಳು ಇನ್ನೊಂದನ್ನು ಉರುಳಿಸಿದಳು. ಅದನ್ನೂ ಎತ್ತಿಟ್ಟೆ.

“ಏನಮ್ಮ ಇದು, ಮುಂದಿನ ವರ್ಷ ನಾನು ಎಲ್ಲಿ ಅಡಿಗೆ ಮಾಡ್ಲಿ? ನನ್ನ ಒಲೆ ಕೀಳ್ತೀರಾ?” ಎಂದು ನಕ್ಕೆ.

ಅವಳು ನಗಲಿಲ್ಲ. ಅತ್ತ ಟೆಂಪೋಗೆ ಮೂಟೆ ಏರಿಸುತ್ತಿದ್ದ ಗಂಡನ ಕಡೆ ಒಮ್ಮೆ ನೋಡಿದಳು, ನನ್ನ ಮುಖವನ್ನು ಒಮ್ಮೆ ನೋಡಿದಳು, ಸೆರಗಿಗೆ ಕೈ ಒರೆಸಿಕೊಂಡು ಎದ್ದು ಹೋದಳು. ವಯಸ್ಸಾಗುತ್ತಾ ಬಂತು, ಶಾಸ್ತ್ರ ಮರೆಯುತ್ತಿದ್ದಾಳೆ ಎಂದು ನಾನು ಕನಿಕರಪಟ್ಟೆ. ಹಾಲು ಮಕ್ಕಳ ಕಾಫಿಗೇ ಮುಗಿದಿತ್ತು. ಚೊಂಬಿನಲ್ಲಿ ಉಳಿದಿದ್ದ ಮಜ್ಜಿಗೆಯನ್ನೇ ಬೂದಿಯ ಮೇಲೆ ಹನಿಸಿ, ನನ್ನ ಹಣೆಯ ಕುಂಕುಮವನ್ನೇ ಬೆರಳಿಗೆ ತಗೊಂಡು ಮೂರು ಕಲ್ಲಿಗೂ ಇಟ್ಟು, ಕೈ ಮುಗಿದು ಟೆಂಪೋ ಹತ್ತಿದೆ. ಅಣ್ಣ ಶಲ್ಯ ಹೊದ್ದುಕೊಂಡೇ ಮುಂದಿನ ಸೀಟಿನಲ್ಲಿ ಕೂತಿದ್ದ. ಸುಂಕದಕಟ್ಟೆಯ ಸಿಗ್ನಲ್ಲಿನಲ್ಲಿ ಜನ ಅವನನ್ನು ಮದುವೆ ಗಂಡೇನೋ ಎಂಬಂತೆ ನೋಡಿದರು.

ಸುದ್ದಿ ತಿಳಿದದ್ದು ಆಷಾಢದಲ್ಲಿ. ಯಾರಿಂದ ಅಂತೀರಿ? ಶಿಬಿರಕ್ಕೆ ಮಗನನ್ನು ಕಳಿಸುತ್ತಿದ್ದ ಬಸವೇಶ್ವರನಗರದ ಒಬ್ಬ ತಂದೆ ಫೋನು ಮಾಡಿ, ಖುಷಿ ತಡೆಯಲಾರದೆ ಹೇಳಿದರು: “ಸಾರ್, ನಿಮ್ಮ ಕ್ಯಾಂಪ್ ಜಾಗದಲ್ಲೇ ಸೈಟ್ ಬುಕ್ ಮಾಡಿದ್ವಿ! ನಮ್ಮ ಹುಡುಗ ಅಂತೂ ಆ ಉಯ್ಯಾಲೆ ಮರ ಇರೋ ಕಡೆನೇ ಬೇಕು ಅಂತ ಹಟ.” ಅಣ್ಣ “ಕಂಗ್ರಾಜುಲೇಷನ್ಸ್ ಸಾರ್” ಎಂದು ಫೋನಿಟ್ಟ. ಸ್ಕೂಟರಿನಲ್ಲಿ ಹೋಗಿ ನೋಡಿ ಬಂದ. ಮರಗಳೆಲ್ಲ ಅಡ್ಡ ಬಿದ್ದಿವೆ, ಜೇಸೀಬಿ ನಿಂತಿದೆ ಎಂದಷ್ಟೇ ಹೇಳಿ ಕೈಕಾಲು ತೊಳೆಯಲು ಹೋದ. ರಂಗಪ್ಪ ಅವನ ಕೈ ಹಿಡಿದುಕೊಂಡು, “ಅಣ್ಣತಮ್ಮಂದಿರು ಎಲ್ಲಾ ಸೇರಿ ಮಾಡಿದ್ದು ಮೇಷ್ಟ್ರೇ. ಹೇಳ್ಬೇಕು ಅಂತಲೇ ಇದ್ದೆ, ನಿಮ್ಮ ಸಂತೋಷ ನೋಡಿ ಬಾಯಿ ಬರ್ಲಿಲ್ಲ” ಎಂದನಂತೆ. ಬಾಯಿ ಬರಲಿಲ್ಲವಂತೆ! ಭೇಷ್ ಎನ್ನಲು ಬಂದ ಬಾಯಿ.

ನಾನು ರಂಗಪ್ಪನಿಗೆ ಶಾಪ ಹಾಕುತ್ತಾ ಮನೆಯೆಲ್ಲ ಓಡಾಡಿದೆ. ಅಣ್ಣ ಹಾಕಲಿಲ್ಲ. “ಅವನ ಜಮೀನು ಕಣೇ, ಅವನು ಮಾರ್ದ. ನಾವೇನು ಬರೆಸ್ಕೊಂಡಿದ್ವಾ? ಇಷ್ಟು ವರ್ಷ ಪುಕ್ಕಟೆ ಕೊಟ್ಟನಲ್ಲ, ಅದನ್ನ ಹೇಳು” ಎಂದ. ಇಂಥವರ ಜೊತೆ ಬದುಕುವುದು ಕಷ್ಟ ನೋಡಿ. ನಮ್ಮ ಕೋಪವನ್ನೂ ನಾವೇ ಪಡಬೇಕು, ಅವರದನ್ನೂ ನಾವೇ ಪಡಬೇಕು.

ಅವನು ಸುಮ್ಮನೆ ಕೂರಲಿಲ್ಲ. ಮಾರನೇ ಬೇಸಿಗೆ ವಿಜಯನಗರದಲ್ಲಿ ಒಂದು ಟ್ಯೂಷನ್ ಸೆಂಟರಿನ ತಾರಸಿಯ ಮೇಲೆ ಶಿಬಿರ ನಡೆಸಿದ. ಸಿಮೆಂಟಿನಲ್ಲಿ ಗೂಟ ಹೊಡೆಯಲಾಗುತ್ತದೆಯೇ? ಡೇರೆಯ ಹಗ್ಗಗಳನ್ನು ಇಟ್ಟಿಗೆಗೆ ಕಟ್ಟಿದ. ಗಾಳಿ ಬಂದು ಡೇರೆ ಪಕ್ಕದ ಮನೆಯ ಡಿಶ್ ಆಂಟೆನಾದ ಮೇಲೆ ಕೂತಿತು. ಅದರ ಮಾರನೇ ವರ್ಷ ಸೆಂಟರಿನವರು, “ಟೆಂಟ್ ಬೇಡ ಸಾರ್, ಹ್ಯಾಂಡ್‌ರೈಟಿಂಗ್, ಅಬಾಕಸ್ ಇಟ್ಕೊಳ್ಳಿ, ಪೇರೆಂಟ್ಸ್ ಅದನ್ನೇ ಕೇಳ್ತಾರೆ” ಎಂದರು. ಅಲ್ಲಿಗೆ ಶಿಬಿರ ಮುಗಿಯಿತು. ಈಗ ಅದೇ ಸೆಂಟರಿನ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಮಾಡುತ್ತಾನೆ. ಶಾಲೆಯಲ್ಲಿ ಅವನಿಗೆ ‘ಸಾರ್’ ಎನ್ನುತ್ತಿದ್ದರು. ವ್ಯಾನಿನಲ್ಲಿ ‘ಅಂಕಲ್’. ಅದಕ್ಕೂ ಅವನಿಗೆ ಬೇಸರವಿಲ್ಲ. ಬೇಸರಪಡುವ ಇಲಾಖೆ ನನ್ನದು.

ಕೆಲವು ವರ್ಷಗಳ ಮೇಲೆ ರಂಗಪ್ಪನ ಮಗಳ ಮದುವೆಯ ಕರೆಯೋಲೆ ಬಂತು. ಮೂಡಲಪಾಳ್ಯದ ಹತ್ತಿರ ದೊಡ್ಡ ಕಲ್ಯಾಣ ಮಂಟಪ. ನಾನು ಒಲ್ಲೆ ಎಂದೆ. ಅಣ್ಣ, “ಮನೆಗೆ ಬಂದು ಕರೆದಿದಾರೆ, ಹೋಗದೇ ಇರೋಕಾಗುತ್ತಾ? ಆ ಹುಡುಗಿ ನಮ್ಮ ಕ್ಯಾಂಪಲ್ಲೇ, ತೋಪಿನ ಬಾವೀಲಿ ಈಜು ಕಲಿತೋಳು” ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ನಿಂತ. ಹೋದೆವು. ರಂಗಪ್ಪ ಬಾಗಿಲಲ್ಲೇ ಅವನನ್ನು ತಬ್ಬಿಕೊಂಡು, “ನಮ್ಮ ಮೇಷ್ಟ್ರು” ಎಂದು ಬೀಗರಿಗೆ ಪರಿಚಯ ಮಾಡಿಸಿದ. ಅಣ್ಣನ ಮುಖ ಅರಳಿತು.

ನನ್ನನ್ನು ಪುಟ್ಟತಾಯಮ್ಮ ಹೆಣ್ಣಿನ ಕಡೆಯವರ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಓರೆ ಮಾಡಿದಳು. ಕೈಯಲ್ಲಿ ಹೊಸ ಬಳೆ, ಕಣ್ಣಲ್ಲಿ ನೀರು.

“ಒಂದು ಮಾತು ಎದೇಲಿ ಇಟ್ಕೊಂಡು ಸಾಕಾಗೋಗದೆ ಕಣಮ್ಮ. ಅವತ್ತು ನಾನು ಒಲೆಗುಂಡು ಉಳ್ಳಿಸ್ದೆ, ಗ್ಯಾಪಕ ಐತಾ?”

“ಇದೆ.”

“ತಿರುಗಿ ಬರೋರು ಗುಂಡು ಬಿಟ್ಟೋಗ್ಬೇಕು, ಬರದೇ ಇರೋರು ಉಳ್ಳಿಸಿ ಹೋಗ್ಬೇಕು. ಅದು ನಮ್ಮ ಕಡೆ ಶಾಸ್ತ್ರ. ಆಗ್ಲೇ ಅಗ್ರಿಮೆಂಟ್ ಆಗೋಗಿತ್ತು. ಯಾರ್ಗೂ ಉಸಿರು ಬಿಡ್ಬ್ಯಾಡ ಅಂತ ಇವರು ಮಗಳ ತಲೆ ಮೇಲೆ ನನ್ ಕೈ ಇಡಿಸಿ ಆಣೆ ಮಾಡಿಸ್ಕೊಂಡಿದ್ರು. ಮೇಷ್ಟ್ರು ಕೆಲಸ ಬಿಟ್ಟೆ ಅಂದ್ರಲ್ಲ, ನನ್ ಹೊಟ್ಟೆ ಉರೀತು. ಬಾಯಲ್ಲಿ ಹೇಳಂಗಿಲ್ಲ, ಕೈಯಲ್ಲಾದ್ರೂ ಹೇಳಾನ ಅಂತ ಹೋದೆ. ನೀನು ಎತ್ತೆತ್ತಿ ಇಟ್ಟೆ.” ಕಣ್ಣೊರೆಸಿಕೊಂಡಳು. “ಹೇಳ್ಬಿಟ್ಟೆ. ಈಗ ಹಗುರಾಯ್ತು.”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರೆ ಇದೇ ಇರಬೇಕು. ಗಂಡನಿಗೆ ಕೊಟ್ಟ ಮಾತೂ ಉಳಿಯಿತು, ಶಾಸ್ತ್ರವೂ ಉಳಿಯಿತು. ರಂಗಪ್ಪನನ್ನು ನಾನು ಎಂದಾದರೂ ಕ್ಷಮಿಸಿಯೇನು. ಅವನಿಗೆ ಬೇಕಾದದ್ದಕ್ಕೆ ಅವನು ಸುಳ್ಳು ಹೇಳಿದ, ಲೋಕ ನಡೆಯುವುದೇ ಹಾಗೆ. ಆದರೆ ಇವಳು ನನಗೆ ಅರ್ಥವಾಗದ ಹಾಗೆ ನಿಜ ಹೇಳಿದಳು. ನನಗೆ ಶಾಸ್ತ್ರದ ಅರ್ಧ ಮಾತ್ರ ಹೇಳಿಕೊಟ್ಟಿದ್ದವಳು ಇವಳೇ.

“ನನಗೆ ಗೊತ್ತಾಗಲಿಲ್ಲ ಅಂತ ನಿಮಗೆ ಗೊತ್ತಾಯ್ತಲ್ಲ ಪುಟ್ಟತಾಯಮ್ಮ. ಮತ್ತೆ ಎದ್ದು ಹೋದಿರಿ ಯಾಕೆ?” ಎಂದೆ.

ಹೊರಗೆ ಯಾರೋ ಧಾರೆಗೆ ಹೊತ್ತಾಯಿತೆಂದು ಕೂಗಿದರು. “ಊಟ ಮಾಡ್ಕೊಂಡೇ ಹೋಗ್ಬೇಕು” ಎಂದು ನನ್ನ ಕೈಗೆ ತಾಂಬೂಲದ ಚೀಲ ಕೊಟ್ಟು ಹೊರಟಳು.

ಊಟದ ಪಂಕ್ತಿಯಲ್ಲಿ ರಂಗಪ್ಪ ತಾನೇ ನಿಂತು ಅಣ್ಣನ ಎಲೆಗೆ ಒಬ್ಬಟ್ಟು ಬಡಿಸಿದ, ಮೇಲೆ ತುಪ್ಪ ಸುರಿದ. ಅಣ್ಣ ಬೇಡ ಬೇಡ ಎನ್ನುತ್ತಾ ತಿಂದ.

ಹಿಂದಿರುಗುವಾಗ ಸ್ಕೂಟರಿನ ಹಿಂದೆ ಕೂತು ಅಣ್ಣನ ಕಿವಿಗೆ ಎಲ್ಲವನ್ನೂ ಹೇಳಿದೆ. ಮನೆ ತಲುಪುವ ತನಕವೂ ತಡೆಯಲಾಗಲಿಲ್ಲ. ನನ್ನ ಉರಿಗೆ ಒಬ್ಬ ಜೊತೆಗಾರ ಬೇಕಾಗಿತ್ತು. ಇಷ್ಟು ವರ್ಷ ಒಬ್ಬಳೇ ಉರಿದಿದ್ದೆನಲ್ಲ, ಈಗಲಾದರೂ ಅವನು ರಂಗಪ್ಪನಿಗೆ ಒಂದು ಕೆಟ್ಟ ಮಾತು ಆಡಲಿ, ನಾನು ತಣ್ಣಗಾಗುತ್ತೇನೆ ಅಂದುಕೊಂಡೆ.

ಅವನು ಎಳನೀರು ಮಾರುವವನ ಪಕ್ಕದಲ್ಲಿ ಸ್ಕೂಟರು ನಿಲ್ಲಿಸಿದ. ಎಳನೀರು ಕುಡಿಯಲೆಂದು ನಿಲ್ಲಿಸಿದನೇನೋ ಎಂದು ನಾನು ಇಳಿದೆ. ಅವನು ಹ್ಯಾಂಡಲ್ ಹಿಡಿದು ಹಾಗೇ ಕೂತಿದ್ದ.

“ಹೆಡ್‌ಮಾಸ್ಟರು ನನ್ನ ರಾಜೀನಾಮೆನ ಮೇಲಕ್ಕೆ ಕಳಿಸಿರಲಿಲ್ಲ ಕಣೇ” ಎಂದ. “ಸ್ಕೂಲ್ ಶುರುವಾಗೋವರೆಗೂ ಡ್ರಾಯರಲ್ಲೇ ಇಟ್ಕೊಂಡಿರ್ತೀನಿ, ಮನಸ್ಸು ಬದಲಾದ್ರೆ ಬಂದು ಹರಿದು ಹಾಕು ಅಂದಿದ್ರು. ಕ್ಯಾಂಪ್ ಬಿಚ್ಚಿ ಮನೆಗೆ ಬಂದ ಮಾರನೇ ದಿನ ನಾನೇ ಹೋಗಿ, ಕಳಿಸಿಬಿಡಿ ಸಾರ್ ಅಂತ ಹೇಳ್ಬಂದೆ. ರಂಗಪ್ಪನ ಶಲ್ಯ ಹೊದ್ಕೊಂಡೇ ಹೋಗಿದ್ದೆ, ತೋರಿಸೋಣ ಅಂತ.”

ಎಳನೀರಿನವನು, “ಎಷ್ಟು ಕೊಡ್ಲಿ ಅಣ್ಣ?” ಎಂದ. ಪುಟ್ಟತಾಯಮ್ಮ ವರ್ಷಗಟ್ಟಲೆ ಹೊತ್ತದ್ದನ್ನು ನನ್ನ ಮೇಲೆ ಇಳಿಸಿ ಹಗುರಾಗಿದ್ದಳು. ನಾನು ಅದನ್ನು ಮೂಡಲಪಾಳ್ಯದಿಂದ ವಿಜಯನಗರದವರೆಗೂ ಹೊರಲಾರದೆ ಇವನ ಮೇಲೆ ಇಳಿಸಿದೆ.

“ಜಾಗ ಅವನದು, ಹೋಯ್ತು ಅಂತ ಇಷ್ಟು ದಿನ ಚೆನ್ನಾಗಿದ್ದೆ” ಎಂದ ಅಣ್ಣ. ಧ್ವನಿ ಏರಿಸಲಿಲ್ಲ. “ಇದನ್ನ ನನಗೆ ಯಾಕೆ ಹೇಳ್ದೆ?”